ಡೇಟಾ ರೋಮಿಂಗ್

ಡೇಟಾ ರೋಮಿಂಗ್ ಎಂದರೆ ಮೊಬೈಲ್ ಗ್ರಾಹಕನು ತನ್ನ ದೂರಸಂಪರ್ಕ ಸಂಸ್ಥೆಯ ಜಾಲವಿಲ್ಲದ ಪ್ರದೇಶದಲ್ಲಿ, ಸಾಮಾನ್ಯವಾಗಿ ವಿದೇಶದಲ್ಲಿ, ಬೇರೊಂದು ಸಂಸ್ಥೆಯ ಜಾಲದ ಮೂಲಕ ಅಂತರಜಾಲವನ್ನು ಬಳಸುವ ವ್ಯವಸ್ಥೆ. ಗ್ರಾಹಕನಿಗೆ ಸಿಮ್ ನೀಡಿದ ಸಂಸ್ಥೆಯದು ತವರು ಜಾಲ. ಪ್ರವಾಸದಲ್ಲಿ ಸೇವೆ ಒದಗಿಸುವುದು ಅತಿಥೇಯ ಜಾಲ. ಇಂತಹ ಸಂಪರ್ಕವನ್ನು ಲ್ಯಾಪ್‌ಟಾಪಿನಲ್ಲಿ ಬಳಸಿದಾಗ ವೆಚ್ಚವು ಫೋನಿಗಿಂತ ಬೇಗ ಏರಬಹುದು. ಲ್ಯಾಪ್‌ಟಾಪ್ ಮೊಬೈಲ್ ಸಂಪರ್ಕವನ್ನೂ ಮನೆಯ ಬ್ರಾಡ್‌ಬ್ಯಾಂಡಿನಂತೆಯೇ ಪರಿಗಣಿಸಿ, ಬಳಕೆದಾರನ ಗಮನಕ್ಕೆ ಬಾರದಂತೆ ತಂತ್ರಾಂಶದ ನವೀಕರಣ ಮತ್ತು ಕಡತಗಳ ನಕಲು ಮುಂತಾದ ಕೆಲಸಗಳನ್ನು ನಡೆಸುತ್ತಿರುವುದು ಇದಕ್ಕೆ ಮುಖ್ಯ ಕಾರಣ. ಹೀಗೆ ಅನಿರೀಕ್ಷಿತವಾಗಿ ಬರುವ ದೊಡ್ಡ ಮೊತ್ತದ ಬಿಲ್ಲಿಗೆ 'ಬಿಲ್ ಶಾಕ್' ಎಂಬ ಹೆಸರು ರೂಢಿಯಲ್ಲಿದೆ.

ಕಾರ್ಯವಿಧಾನ

ಪ್ರತಿಯೊಂದು ಸಿಮ್‌ನಲ್ಲಿಯೂ ಐಎಂಎಸ್‌ಐ ಎಂಬ ಗುರುತಿನ ಸಂಖ್ಯೆ ಇರುತ್ತದೆ. ಅದರ ಮೊದಲ ಮೂರು ಅಂಕಿಗಳು ದೇಶವನ್ನು ಸೂಚಿಸುತ್ತವೆ. ಭಾರತದ ಸಿಮ್‌ಗಳಲ್ಲಿ ಇವು 404 ಅಥವಾ 405 ಆಗಿರುತ್ತವೆ. ನಂತರದ ಎರಡು ಅಥವಾ ಮೂರು ಅಂಕಿಗಳು ಸಂಸ್ಥೆಯನ್ನು ಸೂಚಿಸುತ್ತವೆ. ಅತಿಥೇಯ ಜಾಲವು ಈ ಸಂಖ್ಯೆಯ ಆಧಾರದಿಂದ ತವರು ಜಾಲವನ್ನು ಗುರುತಿಸಿ, ಗ್ರಾಹಕನಿಗೆ ರೋಮಿಂಗ್ ಅನುಮತಿ ಇದೆಯೇ ಎಂದು ವಿಚಾರಿಸುತ್ತದೆ. ಎರಡೂ ಸಂಸ್ಥೆಗಳ ನಡುವೆ ಒಪ್ಪಂದವಿದ್ದರೆ ಮಾತ್ರ ಸಂಪರ್ಕ ದೊರೆಯುತ್ತದೆ.

ಸಾಮಾನ್ಯವಾಗಿ ರೋಮಿಂಗ್‌ನಲ್ಲಿರುವ ಗ್ರಾಹಕನ ದತ್ತಾಂಶವು ಮೊದಲು ತವರು ದೇಶಕ್ಕೆ ಹೋಗಿ, ಅಲ್ಲಿಂದ ಅಂತರಜಾಲವನ್ನು ಸೇರುತ್ತದೆ. ಆದುದರಿಂದ ಬರ್ಲಿನ್‌ನಲ್ಲಿ ಭಾರತದ ಸಿಮ್ ಬಳಸುವವರು ಜರ್ಮನಿಯ ಜಾಲತಾಣವೊಂದನ್ನು ತೆರೆದರೂ ದತ್ತಾಂಶ ಭಾರತವನ್ನು ಸುತ್ತಿಕೊಂಡು ಬರುತ್ತದೆ. ಇದರಿಂದ ಪುಟ ತೆರೆಯುವುದು ತಡವಾಗುತ್ತದೆ. ಜಾಲತಾಣಗಳಿಗೆ ಕಾಣುವ ಐಪಿ ವಿಳಾಸವೂ ತವರು ದೇಶದ್ದೇ ಆಗಿರುತ್ತದೆ.

ಲ್ಯಾಪ್‌ಟಾಪಿಗೆ ಸಂಪರ್ಕ ಪಡೆಯುವ ವಿಧಾನಗಳು

2007ರಲ್ಲಿ ತೈವಾನಿನ ಆಸುಸ್ ಸಂಸ್ಥೆ 7 ಅಂಗುಲ ಪರದೆಯ 'ಈ-ಪಿಸಿ 701' ಅನ್ನು ಮಾರುಕಟ್ಟೆಗೆ ತಂದ ನಂತರ ನೆಟ್‌ಬುಕ್ ಎಂಬ ಪುಟ್ಟ, ಅಗ್ಗದ ಲ್ಯಾಪ್‌ಟಾಪ್‌ಗಳು ಜನಪ್ರಿಯವಾದವು. ಪ್ರವಾಸಿಗರು ಇವುಗಳನ್ನು ಜೊತೆಗೊಯ್ಯತೊಡಗಿದಂತೆ ವಿದೇಶದಲ್ಲಿ ಮೊಬೈಲ್ ಅಂತರಜಾಲದ ಅಗತ್ಯವೂ ಹೆಚ್ಚಿತು. ಬಳಕೆಗೆ ಬಂದ ಮುಖ್ಯ ವಿಧಾನಗಳು ಇವು:

ಯುಎಸ್‌ಬಿ ಮೋಡೆಮ್: ಡಾಂಗಲ್ ಅಥವಾ ಡೇಟಾ ಕಾರ್ಡ್ ಎಂದೂ ಕರೆಯಲಾಗುವ ಈ ಉಪಕರಣದಲ್ಲಿ ಸಿಮ್ ಹಾಕಿ ಲ್ಯಾಪ್‌ಟಾಪಿಗೆ ಜೋಡಿಸಲಾಗುತ್ತದೆ. ಸ್ಥಳೀಯ ಸಿಮ್ ಹಾಕಿದಾಗ ಆ ಸಂಸ್ಥೆಯ ಎಪಿಎನ್ ಹೆಸರನ್ನು ತಂತ್ರಾಂಶದಲ್ಲಿ ನಮೂದಿಸಬೇಕಾಗಬಹುದು. ಒಂದೇ ಸಂಸ್ಥೆಯ ಸಿಮ್‌ಗೆ ಬೀಗ ಹಾಕಿ ಮಾರಿದ ಮೋಡೆಮ್‌ಗಳಲ್ಲಿ ಬೇರೆ ಸಿಮ್ ಕೆಲಸ ಮಾಡುವುದಿಲ್ಲ.

ಅಂತರ್ಗತ ಮೋಡೆಮ್: ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಮೋಡೆಮ್ ಮತ್ತು ಸಿಮ್ ಹಾಕುವ ಜಾಗ ಒಳಗೇ ಇರುತ್ತವೆ.

ಟೆದರಿಂಗ್: ಫೋನಿನ ಸಂಪರ್ಕವನ್ನು ಯುಎಸ್‌ಬಿ, ಬ್ಲೂಟೂತ್ ಅಥವಾ ವೈ-ಫೈ ಮೂಲಕ ಲ್ಯಾಪ್‌ಟಾಪಿಗೆ ಹಂಚುವ ವಿಧಾನ. 2010ರ ಆಂಡ್ರಾಯ್ಡ್ 2.2 ಆವೃತ್ತಿಯಲ್ಲಿ ಈ ಸೌಲಭ್ಯ ಸೇರಿತು. ಇದು ವ್ಯಾಪಕವಾದಂತೆ ಡಾಂಗಲ್‌ಗಳ ಬಳಕೆ ಕಡಿಮೆಯಾಯಿತು.

ಇ-ಸಿಮ್: ಉಪಕರಣದಲ್ಲಿಯೇ ಅಡಕವಾಗಿರುವ ಚಿಪ್‌ಗೆ ಸಂಸ್ಥೆಯ ವಿವರಗಳನ್ನು ಅಂತರಜಾಲದಿಂದ ಇಳಿಸಿಕೊಳ್ಳುವ ವಿಧಾನ. ಪ್ರವಾಸಿಗನು ಹೊರಡುವ ಮೊದಲೇ ಗಮ್ಯ ದೇಶದ ಡೇಟಾ ಯೋಜನೆಯನ್ನು ಖರೀದಿಸಬಹುದು.

ಮೋಡೆಮ್ ಆಯಾ ದೇಶದ ತರಂಗಾಂತರಗಳನ್ನು ಬೆಂಬಲಿಸಬೇಕಾಗುತ್ತದೆ. 3ಜಿ ಕಾಲದಲ್ಲಿ ಯುರೋಪ್ ಮತ್ತು ಏಷ್ಯಾದ ಹೆಚ್ಚಿನ ಭಾಗಗಳಲ್ಲಿ 2100 ಮೆಗಾಹರ್ಟ್ಸ್ ಬಳಕೆಯಲ್ಲಿದ್ದರೆ, ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 850 ಮತ್ತು 1900 ಮೆಗಾಹರ್ಟ್ಸ್ ಪ್ರಮುಖವಾಗಿದ್ದವು. ಆ ದೇಶದ ಪ್ರಮುಖ ಸಂಸ್ಥೆಗಳು 2022ರಲ್ಲಿ 3ಜಿ ಜಾಲಗಳನ್ನು ಮುಚ್ಚಿದ್ದರಿಂದ ಹಳೆಯ 3ಜಿ ಡಾಂಗಲ್‌ಗಳು ಅಲ್ಲಿ ನಿರುಪಯುಕ್ತವಾಗಿವೆ.

ದರ ಮತ್ತು ನಿಯಂತ್ರಣ

ಅತಿಥೇಯ ಜಾಲವು ತವರು ಸಂಸ್ಥೆಗೆ ಸಗಟು ದರ ವಿಧಿಸುತ್ತದೆ. ತವರು ಸಂಸ್ಥೆ ಅದರ ಮೇಲೆ ತನ್ನ ಚಿಲ್ಲರೆ ದರವನ್ನು ನಿಗದಿಪಡಿಸುತ್ತದೆ. ಅತಿಥೇಯ ಜಾಲಕ್ಕೆ ಪ್ರವಾಸಿಗನು ತನ್ನ ಗ್ರಾಹಕನಲ್ಲದ ಕಾರಣ, ದರ ಇಳಿಸುವ ಒತ್ತಡ ಅದರ ಮೇಲೆ ಕಡಿಮೆ.

ಈ ವಿಷಯದಲ್ಲಿ ಯುರೋಪಿಯನ್ ಒಕ್ಕೂಟ ಹಂತಹಂತವಾಗಿ ಕಾನೂನು ರೂಪಿಸಿತು. 2009ರ ಜುಲೈಯಲ್ಲಿ ಡೇಟಾದ ಸಗಟು ದರಕ್ಕೆ ಮೆಗಾಬೈಟಿಗೆ 1 ಯುರೋ ಮಿತಿ ಜಾರಿಗೆ ಬಂದಿತು. 2010ರ ಜುಲೈಯಿಂದ, ಗ್ರಾಹಕನು ಬೇರೆ ಮಿತಿಯನ್ನು ಆರಿಸಿಕೊಳ್ಳದಿದ್ದರೆ, ತಿಂಗಳ ಡೇಟಾ ವೆಚ್ಚ 50 ಯುರೋ ತಲುಪಿದಾಗ ಸಂಪರ್ಕವನ್ನು ಕಡಿತಗೊಳಿಸುವುದು ಕಡ್ಡಾಯವಾಯಿತು. ಚಿಲ್ಲರೆ ದರದ ಮಿತಿಯನ್ನು 2012ರ ಜುಲೈಯಲ್ಲಿ ಮೆಗಾಬೈಟಿಗೆ 70 ಸೆಂಟ್ ಎಂದು ನಿಗದಿಪಡಿಸಿ, 2013ರಲ್ಲಿ 45 ಹಾಗೂ 2014ರಲ್ಲಿ 20 ಸೆಂಟ್‌ಗೆ ಇಳಿಸಲಾಯಿತು. 70 ಸೆಂಟ್ ದರದಲ್ಲಿ 500 ಮೆಗಾಬೈಟಿನ ಒಂದು ತಂತ್ರಾಂಶ ನವೀಕರಣಕ್ಕೆ ತೆರಿಗೆ ಹೊರತಾಗಿ 350 ಯುರೋ ಆಗುತ್ತಿತ್ತು. 50 ಯುರೋ ಮಿತಿಯಿದ್ದರೆ ಸುಮಾರು 71 ಮೆಗಾಬೈಟಿಗೇ ಸಂಪರ್ಕ ನಿಲ್ಲುತ್ತಿತ್ತು.

2017ರ ಜೂನ್ 15ರಿಂದ ಒಕ್ಕೂಟದೊಳಗಿನ ಪ್ರವಾಸಿಗರಿಗೆ ಹೆಚ್ಚುವರಿ ರೋಮಿಂಗ್ ಶುಲ್ಕ ರದ್ದಾಯಿತು. ನ್ಯಾಯಯುತ ಬಳಕೆಯ ಮಿತಿಗೆ ಒಳಪಟ್ಟ ಈ ನಿಯಮವನ್ನು 2022ರಲ್ಲಿ 2032ರವರೆಗೆ ವಿಸ್ತರಿಸಲಾಗಿದೆ. ನಾರ್ವೆ, ಐಸ್‌ಲ್ಯಾಂಡ್ ಮತ್ತು ಲಿಕ್ಟೆನ್‌ಸ್ಟೈನ್‌ಗೂ ಇದು ಅನ್ವಯಿಸುತ್ತದೆ, ಸ್ವಿಟ್ಜರ್ಲೆಂಡ್‌ಗೆ ಅನ್ವಯಿಸುವುದಿಲ್ಲ. ಆದ್ದರಿಂದ ಜಿನೀವಾದ ಸಮೀಪ, ಫ್ರಾನ್ಸ್‌ನ ಗಡಿಯೊಳಗೇ ಇರುವ ಉಪಕರಣ ಸ್ವಿಸ್ ಜಾಲಕ್ಕೆ ತಾನಾಗಿ ಸೇರಿದರೆ ಶುಲ್ಕ ಬೀಳಬಹುದು. ಹಡಗು ಮತ್ತು ವಿಮಾನಗಳಲ್ಲಿನ ಉಪಗ್ರಹ ಆಧಾರಿತ ಜಾಲಗಳೂ ಈ ರಿಯಾಯಿತಿಯ ಹೊರಗಿವೆ.

ಭಾರತೀಯ ಪ್ರವಾಸಿಗರು

ಯುರೋಪಿನ ಈ ನಿಯಮ ಅಲ್ಲಿನ ಸಂಸ್ಥೆಗಳ ಸಿಮ್‌ಗಳಿಗೆ ಮಾತ್ರ ಅನ್ವಯಿಸುತ್ತದೆ. ಭಾರತದ ಸಿಮ್‌ಗೆ ಅದನ್ನು ನೀಡಿದ ಸಂಸ್ಥೆಯ ರೋಮಿಂಗ್ ದರವೇ ಅನ್ವಯಿಸುತ್ತದೆ. ಸ್ಥಳೀಯ ಸಿಮ್ ಅಗ್ಗವಾಗಿದ್ದರೂ ಭಾರತದ ಸಂಖ್ಯೆಯನ್ನು ಪೂರ್ಣವಾಗಿ ಸ್ಥಗಿತಗೊಳಿಸುವುದು ಕಷ್ಟ. ಭಾರತೀಯ ರಿಸರ್ವ್ ಬ್ಯಾಂಕ್ 2009ರ ಆಗಸ್ಟ್‌ನಿಂದ ಆನ್‌ಲೈನ್ ಕಾರ್ಡ್ ಪಾವತಿಗೆ ಹೆಚ್ಚುವರಿ ದೃಢೀಕರಣವನ್ನು ಕಡ್ಡಾಯಗೊಳಿಸಿದ್ದು, ಬ್ಯಾಂಕುಗಳು ಅದಕ್ಕಾಗಿ ನೋಂದಾಯಿತ ಮೊಬೈಲ್ ಸಂಖ್ಯೆಗೆ ಒಟಿಪಿ ಕಳುಹಿಸುವ ಪದ್ಧತಿ ಬೆಳೆದಿದೆ. ಹೀಗಾಗಿ ಎರಡು ಸಿಮ್‌ಗಳ ಫೋನಿನಲ್ಲಿ ಭಾರತದ ಸಿಮ್ ಅನ್ನು ಡೇಟಾ ರೋಮಿಂಗ್ ಇಲ್ಲದೆ ಸಂದೇಶಗಳಿಗಾಗಿ ಉಳಿಸಿಕೊಂಡು, ಇನ್ನೊಂದು ಸಿಮ್‌ನ ಡೇಟಾವನ್ನು ಲ್ಯಾಪ್‌ಟಾಪಿಗೆ ಹಂಚುವ ಕ್ರಮ ಬಳಕೆಯಲ್ಲಿದೆ.

ಮುನ್ನೆಚ್ಚರಿಕೆಗಳು

ವಿಂಡೋಸ್ 8 ಮತ್ತು ನಂತರದ ಆವೃತ್ತಿಗಳಲ್ಲಿ ಒಂದು ಸಂಪರ್ಕವನ್ನು 'ಮೀಟರ್ಡ್' ಎಂದು ಗುರುತಿಸಬಹುದು. ಆಗ ಬಹುತೇಕ ನವೀಕರಣಗಳು ತಾವಾಗಿ ಇಳಿಯುವುದಿಲ್ಲ. ಟೆದರಿಂಗ್ ಮಾಡುವಾಗ ಲ್ಯಾಪ್‌ಟಾಪಿಗೆ ಅದು ಸಾಮಾನ್ಯ ವೈ-ಫೈಯಂತೆ ಕಾಣಬಹುದಾದ್ದರಿಂದ ಈ ಗುರುತನ್ನು ಬಳಕೆದಾರನೇ ಹಾಕಬೇಕಾಗಬಹುದು. ಕ್ಲೌಡ್ ಸಂಗ್ರಹದ ತಂತ್ರಾಂಶಗಳನ್ನು ಪ್ರತ್ಯೇಕವಾಗಿ ನಿಲ್ಲಿಸುವುದು, ಗಡಿ ಪ್ರದೇಶಗಳಲ್ಲಿ ಜಾಲವನ್ನು ಸ್ವತಃ ಆರಿಸುವುದು ಹಾಗೂ ಮುಂಗಡ ಪಾವತಿಯ ಸಿಮ್ ಬಳಸುವುದು ಇತರ ಕ್ರಮಗಳು. ಮುಂಗಡ ಪಾವತಿಯ ಸಿಮ್‌ನಲ್ಲಿ ಸಾಮಾನ್ಯವಾಗಿ ಉಳಿದ ಹಣ ಮುಗಿದೊಡನೆ ಸೇವೆ ನಿಲ್ಲುವುದರಿಂದ ನಷ್ಟ ಆ ಮೊತ್ತಕ್ಕೆ ಸೀಮಿತವಾಗಿರುತ್ತದೆ.