ಕೌಸ್‌ಜಿಯ ಮೂಗು, ನಮ್ಮ ಕೂದಲು

ದೇವನಹಳ್ಳಿ ಟಿಪ್ಪು ಸುಲ್ತಾನನ ಜನ್ಮಸ್ಥಳವೆಂಬುದನ್ನು ಶಾಲೆಯ ಹುಡುಗರೂ ಬಲ್ಲರು. ಅಲ್ಲಿಯ ಕೋಟೆ 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯದ ಕೈಸೇರಿತು. ಮರುವರ್ಷ ಮುಗಿದ ಆ ಯುದ್ಧದಲ್ಲಿ ಟಿಪ್ಪು ಅರ್ಧ ರಾಜ್ಯವನ್ನು ಕಳೆದುಕೊಂಡದ್ದನ್ನು ಚರಿತ್ರಕಾರರು ವಿಸ್ತಾರವಾಗಿ ಬರೆದಿದ್ದಾರೆ. ಅದೇ ಯುದ್ಧದಲ್ಲಿ ಬಡ ಎತ್ತಾಳೊಬ್ಬ ಮೂಗು ಕಳೆದುಕೊಂಡ ವೃತ್ತಾಂತವನ್ನು ನೆನೆಯುವವರು ಶಸ್ತ್ರವೈದ್ಯರು ಮಾತ್ರ. ಇಂದು ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ತಲೆಗೆ ಕೂದಲು ನಾಟಿ ಮಾಡಿಸಿಕೊಳ್ಳಲು ತುರ್ಕಿಯವರೆಗೂ ಹೋಗಿಬರುವವರುಂಟು. ಹೊರಡುವ ಮುನ್ನ ಅವರು ಈ ಮೂಗಿನ ಕಥೆಯನ್ನು ಕೇಳುವುದು ಒಳ್ಳೆಯದು.

ಅವನ ಹೆಸರು ಕೌಸ್‌ಜಿ, ಮರಾಠಿಗ, ಇಂಗ್ಲಿಷರ ದಂಡಿನಲ್ಲಿ ಎತ್ತು ಹೊಡೆಯುತ್ತಿದ್ದವನು. ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ವರ್ಷಕ್ಕೂ ಮಿಗಿಲಾಗಿ ಮೂಗಿಲ್ಲದೆ ಕಳೆದ ಮೇಲೆ, ಪುಣೆಯ ಸಮೀಪದಲ್ಲಿ ಇಟ್ಟಿಗೆ ಮಾಡುವ ಕುಲದವನೊಬ್ಬ ಅವನಿಗೆ ಹೊಸ ಮೂಗನ್ನು ಮಾಡಿಕೊಟ್ಟ. ಮೇಣದ ತಗಡಿನಿಂದ ಮೂಗಿನ ಅಳತೆ ತೆಗೆದು, ಅದನ್ನು ಹಣೆಯ ಮೇಲೆ ಹರಡಿ ಗೆರೆ ಎಳೆದು, ಅಷ್ಟು ಚರ್ಮವನ್ನು ಬಿಡಿಸಿ, ಹುಬ್ಬುಗಳ ನಡುವೆ ಮಾತ್ರ ಒಂದು ಎಳೆ ಉಳಿಸಿ ಕೆಳಕ್ಕೆ ಹೊರಳಿಸಿದ. ಅಂಟಿಸಲು ಬಳಸಿದ್ದು ಕಾಚು! ಸುಮಾರು ಇಪ್ಪತ್ತೈದನೆಯ ದಿನ ಆ ಎಳೆಯನ್ನು ಕತ್ತರಿಸುವುದು ಪದ್ಧತಿ. ಈ ವರದಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ ಪತ್ರಿಕೆಯಲ್ಲಿ 1794ರ ಅಕ್ಟೋಬರಿನಲ್ಲಿ ಪ್ರಕಟವಾಯಿತು. ಅದನ್ನು ತಿಳಿದ ಕಾರ್ಪ್ಯೂ ಎಂಬ ಶಸ್ತ್ರವೈದ್ಯ 1814ರಲ್ಲಿ ಲಂಡನ್ನಿನಲ್ಲಿ ಅದೇ ಕ್ರಮದಿಂದ ಮೂಗು ಕಟ್ಟಿದ.

ಚರ್ಮದಿಂದ ಮೂಗು ಕಟ್ಟುವ ಕ್ರಮ ಸುಶ್ರುತನಲ್ಲಿಯೇ ಇದೆ. ಕೂದಲಿನ ವಿಷಯದಲ್ಲಿ ಅವನು ಲೇಪವನ್ನೂ ಹೇಳಿದ. ಆನೆಯ ದಂತದ ಮಸಿಯನ್ನು ರಸಾಂಜನದೊಡನೆ ಲೇಪಿಸಿದರೆ ಅಂಗೈಯಲ್ಲಿಯೂ ರೋಮ ಹುಟ್ಟುವುದೆಂದ. ಎಣ್ಣೆಯ ಜಾಹೀರಾತುಗಳ ಧಾಟಿ ಅಂದಿಗೂ ಇಂದಿಗೂ ಹೆಚ್ಚು ಬದಲಾದಂತಿಲ್ಲ.

ಮೂಗಿನಿಂದ ಕೂದಲಿಗೆ ಏನು ನಂಟು ಎಂದು ವಾಚಕರು ಕೇಳಬಹುದು. ಹಣೆಯ ಚರ್ಮ ಮೂಗಿಗೆ ಇಳಿದರೂ ತನ್ನ ಸ್ವಭಾವವನ್ನು ಬಿಡುವುದಿಲ್ಲ. ಹಣೆ ಕಿರಿದಾಗಿದ್ದು ನೆತ್ತಿಯಂಚಿನ ಚರ್ಮವೂ ಸೇರಿಬಂದರೆ ಮೂಗಿನ ಮೇಲೆ ಕೂದಲು ಬೆಳೆಯುತ್ತದೆ. ಮೂಗಿಗೆ ತೊಡಕಾದ ಇದೇ ಗುಣ ಬೋಳುತಲೆಗೆ ವರವಾಯಿತು. ಜಪಾನಿನ ಒಕುಡಾ 1939ರಲ್ಲಿ, ಸುಟ್ಟು ಕೂದಲು ಹೋದ ಜಾಗಗಳಿಗೆ ಕೂದಲುಳ್ಳ ಚರ್ಮದ ಚೂರುಗಳನ್ನು ನೆಟ್ಟ ಬಗೆಯನ್ನು ಪ್ರಕಟಿಸಿದ. ಮಹಾಯುದ್ಧದ ಗದ್ದಲದಲ್ಲಿ ಹೊರದೇಶದವರಿಗೆ ಅದು ಕೇಳಿಸಲಿಲ್ಲ. ನ್ಯೂಯಾರ್ಕಿನ ಆರೆಂಟ್ರೈಕ್ 1952ರಲ್ಲಿ ಬೋಳುತಲೆಗೆ ಇದನ್ನು ಪ್ರಯೋಗಿಸಿ 1959ರಲ್ಲಿ ಸಿದ್ಧಾಂತ ಮಂಡಿಸಿದ: ಹಿಂದಲೆಯ ಕೂದಲು ಮುಂದಲೆಗೆ ಬಂದರೂ ಹಿಂದಲೆಯದಾಗಿಯೇ ಬಾಳುತ್ತದೆ, ಬೋಳು ಜಾಗದ ಚೂರು ಕೂದಲ ನಡುವೆ ನೆಟ್ಟರೂ ಬೋಳಾಗಿಯೇ ಉಳಿಯುತ್ತದೆ.

ಆದುದರಿಂದ ಈ ಚಿಕಿತ್ಸೆಯಲ್ಲಿ ಒಂದು ಕೂದಲೂ ಹೊಸದಾಗಿ ಹುಟ್ಟುವುದಿಲ್ಲ. ಕೆರೆಯ ನೀರನ್ನು ಬೇರೆ ಗದ್ದೆಗೆ ತಿರುಗಿಸಿದ ಹಾಗೆ, ಅಷ್ಟೆ. ಕೆರೆ ಹಿಂದಲೆಯಲ್ಲಿದೆ, ಅದಕ್ಕೆ ಮತ್ತೆ ಮಳೆಯಿಲ್ಲ. ಇಪ್ಪತ್ತರ ಹರೆಯದಲ್ಲಿಯೇ ಮದುವೆಯ ಅವಸರಕ್ಕೆ ಅದನ್ನು ಬರಿದು ಮಾಡಿದವನಿಗೆ, ನೆಟ್ಟದ್ದು ನಿಂತು ಅದರ ಹಿಂದಿನದೆಲ್ಲ ಉದುರಿ, ನಲವತ್ತರಲ್ಲಿ ನಡುಗಡ್ಡೆಯಂತೆ ಕಾಣುವ ಮುಂದಲೆ ಉಳಿದೀತು. ರಕ್ತಹೀನತೆಯಿಂದಲೋ ಥೈರಾಯ್ಡ್ ದೋಷದಿಂದಲೋ ಉದುರುತ್ತಿದ್ದರೆ ಮೊದಲು ಔಷಧಿ ಬೇಕು, ಶಸ್ತ್ರವಲ್ಲ. ನೆಟ್ಟ ಕೂದಲೂ ಕೆಲವು ವಾರಗಳಲ್ಲಿ ಉದುರುತ್ತದೆ. ಬೇರು ಉಳಿದು ಮೂರು ನಾಲ್ಕು ತಿಂಗಳಿಗೆ ಮತ್ತೆ ಚಿಗುರುತ್ತದೆ. ಪೂರ್ಣ ಫಲ ಕಾಣಲು ವರ್ಷ ಬೇಕು. ಇದನ್ನು ಮೊದಲೇ ತಿಳಿಸದ ವೈದ್ಯನನ್ನು ನಾನಾದರೆ ನಂಬಲಾರೆ.

ಕೌಸ್‌ಜಿಗೆ ಮೂಗು ಕಟ್ಟಿದವನ ಬಳಿ ಯಾವ ಪದವಿಯಿತ್ತು ಎಂದು ಕೇಳುವವರಿದ್ದಾರೆ. ಪದವಿಯಿರಲಿಲ್ಲ, ಕೈಯಿಂದ ಕೈಗೆ ಬಂದ ಪಳಗಿಕೆಯಿತ್ತು. ಎರಡು ದಿನದ ಶಿಬಿರ ನೋಡಿ ಕತ್ತಿ ಹಿಡಿಯುವವರಿಗೆ ಅದೂ ಇಲ್ಲ, ಇದೂ ಇಲ್ಲ. ಕಾರ್ಯಾಗಾರಗಳಲ್ಲಿಯೋ ಯೂಟ್ಯೂಬಿನಲ್ಲಿಯೋ ನೋಡಿ ಕಲಿತದ್ದು ಕೂದಲು ನಾಟಿಗೆ ಸಾಲದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ಹೇಳಬೇಕಾಯಿತು. ನಾಟಿಗೆ ಕೂರುವ ಮುನ್ನ, ತಲೆ ಮುಟ್ಟುವವರು ಯಾರು, ಹೆಸರು ಕೊಟ್ಟ ವೈದ್ಯರು ಆ ಹೊತ್ತಿನಲ್ಲಿ ಕೋಣೆಯಲ್ಲಿರುವರೇ ಎಂದು ವಿಚಾರಿಸಬೇಕು.