ಮಗಳಿಗೊಂದು ಮನೆ: ತೈವಾನಿನ ಒಂದು ಕೌಟುಂಬಿಕ ಧಾರಾವಾಹಿಯಲ್ಲಿ ಬಾಲ್ಯ, ಪ್ರೌಢವಯಸ್ಸು ಮತ್ತು ಪಿತೃವಂಶ

2019ರ ಆಗಸ್ಟ್‌ನಲ್ಲಿ ತೈವಾನಿನ ಸಿಟಿಎಸ್ ವಾಹಿನಿಯಲ್ಲಿ ಪ್ರಸಾರ ಆರಂಭಿಸಿದ ‘ದಿ ಮೇಕಿಂಗ್ ಆಫ್ ಆನ್ ಆರ್ಡಿನರಿ ವುಮನ್’ ಹತ್ತು ಕಂತುಗಳ ಧಾರಾವಾಹಿಯಾಗಿದ್ದು, ಲೇಖಕಿ ಜಿಯಾಂಗ್ ಅ ಅವರ ಅದೇ ಹೆಸರಿನ ಪ್ರಬಂಧ ಸಂಕಲನವನ್ನು ಆಧರಿಸಿದೆ. ಯೆನ್ ಯೀವೆನ್ ಮತ್ತು ಚೆನ್ ಚಾಂಗ್‌ಲುನ್ ನಿರ್ದೇಶಿಸಿದ ಈ ಕೃತಿಯ ಕೇಂದ್ರದಲ್ಲಿರುವವಳು ಮೂವತ್ತೊಂಬತ್ತರ ಹರೆಯದ ಚೆನ್ ಜಿಯಾಲಿಂಗ್. ರಾಜಧಾನಿ ತೈಪೆಯಲ್ಲಿ ನೌಕರಿಯನ್ನೂ ನಿಶ್ಚಯವಾಗಿದ್ದ ಮದುವೆಯನ್ನೂ ಬಿಟ್ಟು ಆಕೆ ದಕ್ಷಿಣದ ತೈನಾನ್‌ನ ಹೆತ್ತವರ ಮನೆಗೆ ಮರಳುತ್ತಾಳೆ. ಮನಸ್ಸನ್ನು ಬೆಚ್ಚಗಾಗಿಸುವ ಸಂಸಾರದ ಕಥೆಯೆಂದು ಇದು ಜನಪ್ರಿಯವಾಯಿತು. ಆ ಮಾತು ಸುಳ್ಳಲ್ಲವಾದರೂ ಅಪೂರ್ಣ. ಪಿತೃವಂಶೀಯ ಕುಟುಂಬದಲ್ಲಿ, ಅಂದರೆ ಆಸ್ತಿ, ಹೆಸರು ಮತ್ತು ಪೂರ್ವಜರ ಆರಾಧನೆ ತಂದೆಯಿಂದ ಮಗನಿಗೆ ಸಾಗುವ ವ್ಯವಸ್ಥೆಯಲ್ಲಿ, ಮದುವೆಯಾಗದ ಮಗಳಿಗೆ ಸ್ಥಳವೆಲ್ಲಿ ಎಂಬ ಪ್ರಶ್ನೆಯೇ ಧಾರಾವಾಹಿಯ ಬೆನ್ನೆಲುಬು ಎಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ.

ಕಥನವು ಎರಡು ಕಾಲಗಳಲ್ಲಿ ಏಕಕಾಲಕ್ಕೆ ಚಲಿಸುತ್ತದೆ. ಬಾಲಕಿ ಜಿಯಾಲಿಂಗ್‌ಳನ್ನು ವೂ ಯೀಹಾನ್, ವಯಸ್ಕಳನ್ನು ಶಿಯೇ ಯಿಂಗ್‌ಶುಆನ್ ಅಭಿನಯಿಸಿದ್ದಾರೆ. ಆದರೆ ತಾಯಿಯ ಪಾತ್ರದಲ್ಲಿ ಯೂ ಝಯೂ, ತಂದೆಯ ಪಾತ್ರದಲ್ಲಿ ಚೆನ್ ಝೂಶೆಂಗ್ ಎರಡೂ ಕಾಲಗಳಲ್ಲಿ ಅವರೇ ಇದ್ದಾರೆ. ಹೀಗಾಗಿ ನೋಡುಗನ ಕಣ್ಣೆದುರು ಮಗುವಿನ ದೇಹ ಬದಲಾದರೂ ಅದನ್ನು ಗದರಿಸುವ, ತಿದ್ದುವ, ಉಣಬಡಿಸುವ ಮುಖಗಳು ಬದಲಾಗುವುದಿಲ್ಲ. ಬಾಲ್ಯವು ಇಲ್ಲಿ ಹಳೆಯ ದಿನಗಳ ಹಂಬಲವಾಗಿ ಬರದೆ, ವರ್ತಮಾನದ ನಡೆಗೆ ಪುರಾವೆಯಾಗಿ ಬರುತ್ತದೆ: ಹೊಂದಿಕೊಂಡು ಹೋಗುವ ನಗು, ಬೇಡವೆನ್ನಲಾರದ ಸಂಕೋಚ, ನಾಲ್ಕು ಜನ ಏನಂದಾರು ಎಂಬ ಅಳುಕು ಇವೆಲ್ಲ ಯಾವ ಅಡುಗೆಮನೆಯಲ್ಲಿ, ಯಾರ ಬಾಯಿಂದ ಕಲಿತವು ಎಂಬುದನ್ನು ಹಿಂದಿನ ಕಾಲದ ದೃಶ್ಯಗಳು ತೋರಿಸುತ್ತವೆ. ಹೌ ಶಿಯಾವೊಶೆನ್ ತಮ್ಮ 1985ರ ‘ಎ ಟೈಮ್ ಟು ಲಿವ್, ಎ ಟೈಮ್ ಟು ಡೈ’ ಚಿತ್ರದಲ್ಲಿ ಬಾಲ್ಯವನ್ನು ಮುಗಿದುಹೋದ ಕಾಲವಾಗಿ, ದೂರದಿಂದ ನೆನೆದರು. ಈ ಧಾರಾವಾಹಿ ಆ ದೂರವನ್ನು ಒಪ್ಪುವುದಿಲ್ಲ.

ಬಾಲ್ಯದ ಭಾಗಗಳು ನಡೆಯುವ 1980ರ ದಶಕಕ್ಕೆ ಭಾಷೆಯ ಚರಿತ್ರೆಯೊಂದಿದೆ. 1949ರ ಮೇ ತಿಂಗಳಲ್ಲಿ ಹೇರಲಾದ ಸೇನಾಶಾಸನ 1987ರ ಜುಲೈ 15ರಂದು ತೆರವಾಗುವವರೆಗೂ ಶಾಲೆಯ ಭಾಷೆ ಮ್ಯಾಂಡರಿನ್ ಮಾತ್ರವಾಗಿತ್ತು; ಹೊಕ್ಕಿಯೆನ್ ಮೂಲದ ಮನೆಮಾತಾದ ತೈವಾನೀಸ್ ಆಡಿದ ಮಕ್ಕಳು ದಂಡ ತೆರುವುದು, ಕೊರಳಿಗೆ ಹಲಗೆ ತೂಗಿಸಿಕೊಂಡು ನಿಲ್ಲುವುದು ಸಾಮಾನ್ಯವಾಗಿತ್ತು. ಜಪಾನಿನ ಆಳ್ವಿಕೆಯಲ್ಲಿ (1895–1945) ಬೆಳೆದ ಅಜ್ಜ-ಅಜ್ಜಿಯರು, ಮ್ಯಾಂಡರಿನ್ ಶಾಲೆಯ ಮೊಮ್ಮಕ್ಕಳು, ಇವರ ನಡುವೆ ಎರಡೂ ಕಡೆ ಸಲ್ಲಬೇಕಾದ ತಂದೆತಾಯಿ, ಹೀಗೆ ಒಂದೇ ಊಟದ ಮೇಜಿನ ಸುತ್ತ ಮೂರು ಶಿಕ್ಷಣಗಳು ಕೂರುತ್ತಿದ್ದವು. ಟಿವಿಯೂ ಈ ನೀತಿಯ ಅಂಗವೇ ಆಗಿತ್ತು: 1976ರ ಪ್ರಸಾರ ಕಾನೂನು ಸ್ಥಳೀಯ ಭಾಷೆಗಳ ಕಾರ್ಯಕ್ರಮಗಳಿಗೆ ಹಾಕಿದ್ದ ಕಟ್ಟು ಸಡಿಲವಾದದ್ದು 1993ರಲ್ಲಿ. ಸ್ವತಃ ಸಿಟಿಎಸ್ 1971ರಲ್ಲಿ ರಕ್ಷಣಾ ಮತ್ತು ಶಿಕ್ಷಣ ಸಚಿವಾಲಯಗಳ ಆಸರೆಯಲ್ಲಿ ಹುಟ್ಟಿ, 2006ರಲ್ಲಷ್ಟೇ ಸಾರ್ವಜನಿಕ ಪ್ರಸಾರ ಸಮೂಹಕ್ಕೆ ಸೇರಿದ ಸಂಸ್ಥೆ. ಅಂಥ ವಾಹಿನಿಯಲ್ಲಿ, ರಾಷ್ಟ್ರೀಯ ಭಾಷೆಗಳ ಅಭಿವೃದ್ಧಿ ಕಾಯಿದೆ ಜಾರಿಗೆ ಬಂದ ವರ್ಷದಲ್ಲೇ, ಒಂದು ವಾಕ್ಯವನ್ನು ತೈವಾನೀಸ್‌ನಲ್ಲಿ ತೊಡಗಿ ಮ್ಯಾಂಡರಿನ್‌ನಲ್ಲಿ ಮುಗಿಸುವ ಕುಟುಂಬವೊಂದು ಯಾವ ವಿವರಣೆಯೂ ಇಲ್ಲದೆ ಬಂದು ಕುಳಿತಿತು. ಇದನ್ನು ಪ್ರಾದೇಶಿಕ ಬಣ್ಣವೆಂದು ಕೈಬಿಡುವುದು ತಪ್ಪಾದೀತು.

ಇನ್ನು ಮನೆಯ ಪ್ರಶ್ನೆ. ತೈವಾನಿನ ಗ್ರಾಮಗಳಲ್ಲಿ ಕ್ಷೇತ್ರಕಾರ್ಯ ಮಾಡಿದ ಮಾನವಶಾಸ್ತ್ರಜ್ಞೆ ಮಾರ್ಜರಿ ವುಲ್ಫ್, ಗಂಡನ ವಂಶದೊಳಗೆ ಪರಕೀಯಳಾಗಿ ಕಾಲಿಡುವ ಹೆಣ್ಣು ತನ್ನ ಮಕ್ಕಳೊಂದಿಗೆ ಕಟ್ಟಿಕೊಳ್ಳುವ ಬಾಂಧವ್ಯದ ಬಳಗವನ್ನು ಗುರುತಿಸಿ, 1972ರ ತಮ್ಮ ಗ್ರಂಥದಲ್ಲಿ ಅದನ್ನು ‘ಗರ್ಭಮೂಲ ಕುಟುಂಬ’ ಎಂಬ ಅರ್ಥದ ಹೆಸರಿನಿಂದ ಕರೆದರು. ವಂಶಾವಳಿಯಲ್ಲಿ ಇದರ ದಾಖಲೆ ಇರುವುದಿಲ್ಲ, ತಾಯಿಯೊಂದಿಗೆ ಇದೂ ಮುಗಿಯುತ್ತದೆ. ಜಿಯಾಲಿಂಗ್‌ಳ ತಾಯಿಯ ಬೈಗುಳದ ತೀವ್ರತೆ ಅರ್ಥವಾಗಬೇಕಾದರೆ ಈ ಪರಿಕಲ್ಪನೆ ನೆರವಾಗುತ್ತದೆ. ಆಕೆ ಗದರಿಸುವುದು ಸೊಸೆಯಾಗಿ ತಾನು ಸವೆಸಿದ ದಾರಿಯಲ್ಲಿ ಮಗಳು ಎಡವದಿರಲೆಂದು. ಮಾನವಶಾಸ್ತ್ರಜ್ಞ ಆರ್ಥರ್ ವುಲ್ಫ್ 1974ರಲ್ಲಿ ಪ್ರಕಟಿಸಿದ ಪ್ರಬಂಧವು ಇದರ ಇನ್ನೊಂದು ಮುಖವನ್ನು ತೋರಿಸುತ್ತದೆ. ಜನಪದ ನಂಬಿಕೆಯಲ್ಲಿ ಬಂಧುಗಳಿಂದ ಆರಾಧನೆ ಪಡೆಯುವ ಮೃತರು ಪೂರ್ವಜರು. ಯಾರಿಗೂ ಸೇರದ ಮೃತರು ದೆವ್ವಗಳು. ಮದುವೆಯಾಗದೆ ಸತ್ತ ಮಗಳ ಹೆಸರಿನ ಫಲಕವನ್ನು ತವರಿನ ಪೂಜಾಪೀಠದಲ್ಲಿ ಇಡುವ ರೂಢಿ ಇಲ್ಲವಾದ್ದರಿಂದ, ಸಂಪ್ರದಾಯದ ಲೆಕ್ಕದಲ್ಲಿ ಅವಿವಾಹಿತೆ ಎಂದರೆ ದೆವ್ವವಾಗಲು ಕಾದಿರುವವಳು.

ಈ ಹಿನ್ನೆಲೆಯಲ್ಲಿ ಧಾರಾವಾಹಿಯ ಎರಡು ಘಟನೆಗಳು ಹತ್ತಿರದಿಂದ ನೋಡತಕ್ಕವು. ಮೊದಲನೆಯದು ಅಜ್ಜಿಯದು: ಚೀನೀ ಔಷಧದಂಗಡಿಯ ಮನೆಯಲ್ಲಿ ಬದುಕಿಡೀ ಸೊಸೆ, ಹೆಂಡತಿ, ಅತ್ತೆಯಾಗಿ ದುಡಿದ ಮುದುಕಿ, ಸತ್ತ ಮೇಲಾದರೂ ಚೆನ್ ಮನೆತನದವರೊಡನೆ ಒಂದೇ ಸಮಾಧಿಯಲ್ಲಿರಲು ಮನಸ್ಸಿಲ್ಲ, ತನಗೆ ಪ್ರತ್ಯೇಕ ಸ್ಥಳ ಬೇಕು ಎನ್ನುತ್ತಾಳೆ. ಎರಡನೆಯದು ಮೊಮ್ಮಗಳದು: ಬಾಲ್ಯದಲ್ಲಿ ಓರಗೆಯ ಮಕ್ಕಳೆಲ್ಲ ಹೆದರುತ್ತಿದ್ದ, ಊರವರು ದೆವ್ವದ ಮನೆ ಎನ್ನುತ್ತಿದ್ದ ಪಾಳು ಮನೆಯನ್ನೇ ಆಕೆ ಕೊಂಡುಕೊಳ್ಳುತ್ತಾಳೆ. ವಂಶವು ಕೊಟ್ಟ ಸ್ಥಾನವನ್ನು ಒಬ್ಬಳು ಒಲ್ಲೆನೆಂದರೆ, ವಂಶವು ಸ್ಥಾನವನ್ನೇ ಕೊಡದ ಇನ್ನೊಬ್ಬಳು ದೆವ್ವಕ್ಕೆ ಮೀಸಲಾದ ಜಾಗಕ್ಕೆ ಬಾಗಿಲು-ಕಿಟಕಿ ಹಾಕಿಸಿ ಸಂಸಾರ ಹೂಡುತ್ತಾಳೆ. ಹಾಸ್ಯದ ಎಳೆಯಾಗಿ ಬಂದುಹೋಗುವ ಈ ಖರೀದಿ ಇಡೀ ಕೃತಿಯ ಅತ್ಯಂತ ಗಂಭೀರವಾದ ಕಲ್ಪನೆ. ಕನ್ನಡ ಓದುಗರು ಇದನ್ನು ಮಗಳು ತವರಿಗೆ ಮರಳಿದ ಕಥೆಯೆಂದು ಓದಲು ಹೊರಟರೆ ದಾರಿ ತಪ್ಪುತ್ತದೆ, ಏಕೆಂದರೆ ಗಂಡನ ಮನೆಯೇ ಇಲ್ಲದವಳಿಗೆ ತವರೆಂಬುದೂ ಇಲ್ಲ.

ಒಟ್ಟು ಫಲವತ್ತತೆಯ ದರ, ಎಂದರೆ ಒಬ್ಬ ಹೆಂಗಸಿಗೆ ಸರಾಸರಿ ಹುಟ್ಟುವ ಮಕ್ಕಳ ಸಂಖ್ಯೆ, 2019ರಲ್ಲಿ ಸುಮಾರು 1.05ಕ್ಕೆ ಇಳಿದಿದ್ದ ಸಮಾಜದಲ್ಲಿ ಜಿಯಾಲಿಂಗ್ ಅಪವಾದವಲ್ಲ. ಅವಳಂತೆ ಬದುಕುವವರು ಅನೇಕರಿದ್ದಾರೆ, ಆಚರಣೆಗಳಷ್ಟೇ ಅವರ ಹಿಂದೆ ಉಳಿದಿವೆ. ಕೃತಿಯ ಕೊರತೆ ಇರುವುದು ಬೇರೆಡೆ. ನೌಕರಿ ಬಿಟ್ಟವಳು ಮನೆ ಕೊಳ್ಳಲು ಸಾಧ್ಯವಾಗುವುದು ರಾಜಧಾನಿಯಲ್ಲಿ ಕಳೆದ ಸಂಬಳದ ವರ್ಷಗಳಿಂದ, ದಕ್ಷಿಣದ ಊರಿನ ಅಗ್ಗದ ಬೆಲೆಯಿಂದ, ಹತ್ತಿರದಲ್ಲೇ ಉಣ್ಣಲು ಕರೆಯುವ ತಂದೆತಾಯಿಯಿಂದ. ಇವು ಯಾವುವೂ ಇಲ್ಲದ ಅವಿವಾಹಿತೆ ಎಲ್ಲಿಗೆ ಹೋಗಬೇಕೆಂಬುದನ್ನು ಮೊದಲ ಸರಣಿಯ ಹತ್ತು ಕಂತುಗಳು ಕೇಳುವುದಿಲ್ಲ. ಪಿತೃವಂಶದ ವಿಮರ್ಶೆಯಾಗಿ ಧಾರಾವಾಹಿ ಗಟ್ಟಿಯಾಗಿದೆ. ವರ್ಗದ ವಿಷಯದಲ್ಲಿ ಅದು ಮೌನವಾಗಿದೆ.