ಅಜಂತಾದ ಡೇರೆ, ಊಟಿಯ ಬೆಳದಿಂಗಳು

ನಮ್ಮ ಸುರಪುರದ ಚಿತ್ರಗಾರರು ಬಂಗಾರದ ಹಾಳಿ ಹಚ್ಚಿ ಮಾಡಿದ ಪಟಗಳ ಹೆಸರು ನೀವೆಲ್ಲಾ ಕೇಳೀರಿ. ರಾಜರು ಹೋದ್ರು, ಪಟ ಮಾಡಿಸೋರೂ ಹೋದ್ರು. ಮೈಸೂರ ಕಡೀನೂ ಹಂಗ ಅರಮನಿ ನಂಬಿ ಬದುಕಿದ ಚಿತ್ರಗಾರ ಮನಿತನಗಳು ಇದ್ವು. ಅಂಥ ಒಂದು ಮನಿಯಾಗ 1886ರಾಗ ಹುಟ್ಟಿದೋರು ಕೆ. ವೆಂಕಟಪ್ಪ. ಅವರ ಕಥಿ ಇವತ್ತು ಯಾಕ ಬರೀಲತ್ತೀನಿ ಅಂದ್ರ, ಅವರದು ಎರಡು ಬದುಕು. ಮೊದಲಿಂದು ನಾಕು ಮಂದಿ ನಡುವ ಕುಂತು ಕಲ್ತದ್ದು, ಆಮ್ಯಾಲಿಂದು ಒಬ್ಬರೇ ಕುಂತು ಬರೆದದ್ದು.

1909ರಾಗ ಅವರು ಕಲ್ಕತ್ತಾದ ಸರ್ಕಾರಿ ಕಲಾಶಾಲಿಗಿ ಹೋದ್ರು. ಅಲ್ಲಿ ಗುರುಗಳು ಅವನೀಂದ್ರನಾಥ ಟ್ಯಾಗೋರ್, ರವೀಂದ್ರರ ದಾಯಾದಿ ಅಣ್ಣನ ಮಗ. ಜೋಡಿ ಕಲಿಯೋರು ನಂದಲಾಲ್ ಬೋಸ್, ಅಸಿತ್ ಕುಮಾರ್ ಹಾಲ್ದಾರ್. ಭಾಷಾ ಬ್ಯಾರೆ, ಊಟ ಬ್ಯಾರೆ. ಮನಿ ಬಿಟ್ಟು ಗಂಡನ ಮನಿಗಿ ಬಂದ ಹೆಣ್ಣಮಕ್ಕಳಿಗಿ ಇದನ್ನ ಬಿಡಿಸಿ ಹೇಳೋದು ಬ್ಯಾಡ.

ಆ ಹೊತ್ತಿಗೇ ಅಜಂತಾದ ಕೆಲಸ ಬಂತು. ಗುಹೆಗಳೊಳಗಿನ ಹಳೇ ಚಿತ್ರ ಉದುರಲತ್ತಿದ್ವು, ನಕಲು ತೆಗೆದು ಇಡಬೇಕಾಗಿತ್ತು. ಹಿಂದ ಎರಡು ಸಲ ತೆಗೆದಿದ್ರು. ರಾಬರ್ಟ್ ಗಿಲ್ ಅನ್ನೋರು ವರ್ಷಾನುಗಟ್ಲೆ ಕುಂತು ಬರೆದ ನಕಲು 1866ರಾಗ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಾಗ ಸುಟ್ಟು ಹೋದ್ವು. ಮುಂಬೈ ಕಲಾಶಾಲಿಯ ಗ್ರಿಫಿತ್ಸ್ ತಮ್ಮ ಹುಡುಗರನ್ನ ಕಟಗೊಂಡು ಮಾಡಿದವು 1885ರಾಗ ಮತ್ತ ಲಂಡನ್ನಿನಾಗೇ ಬೆಂಕಿಗಿ ಬಿದ್ದು ಭಾಳಷ್ಟು ಹಾಳಾದ್ವು. ನಮ್ಮ ದೇಶದ ಚಿತ್ರ ಅಲ್ಲಿಗಿ ಒಯ್ದು ಸುಡಬೇಕಿತ್ತೇನು ಅಂತ ಸಿಟ್ಟು ಬರ್ತದ, ಖರೇ.

ಮೂರನೇ ಸಲ ಈ ಕೆಲಸ ಹೊತ್ತಾಕಿ ಒಬ್ಬ ಹೆಣ್ಣಮಗಳು, ಇಂಗ್ಲೆಂಡಿನ ಕ್ರಿಸ್ಟಿಯಾನಾ ಹೆರಿಂಗ್‌ಹ್ಯಾಮ್. ಆಗ ಆಕಿಗಿ ಹತ್ರಹತ್ರ ಅರವತ್ತು ವರ್ಷ. ತತ್ತಿಯ ಹಳದಿಯೊಳಗ ಬಣ್ಣ ಕಲಸಿ ಬರಿಯೋ ಹಳೇ ಪದ್ಧತಿ ಕಲ್ತು, ಅದರ ಇಟಾಲಿಯನ್ ಪುಸ್ತಕನ್ನ ಇಂಗ್ಲಿಷಿಗಿ ಮಾಡಿದಾಕಿ. ಹೆಂಗಸರಿಗೂ ಓಟಿನ ಹಕ್ಕು ಬೇಕು ಅಂತ ನಿಂತಾಕಿ. ಅಕ್ಕ ನಿವೇದಿತಾ ಒತ್ತಾಯ ಮಾಡಿ ಕಲ್ಕತ್ತಾದ ಹುಡುಗರನ್ನ ಆಕಿ ಕಡಿ ಕಳಿಸಿದ್ರು. ವೆಂಕಟಪ್ಪನೋರು ಅವರಾಗ ಒಬ್ಬರು. ಹೈದರಾಬಾದಿನಿಂದ ಸೈಯದ್ ಅಹ್ಮದ್, ಫಜಲುದ್ದೀನ್ ಬಂದ್ರು. ಅಜಂತಾ ಆಗ ನಿಜಾಮರ ಸೀಮಿ. ನಮ್ಮ ಶಹಾಪುರ, ಯಾದಗಿರಿ, ಸುರಪುರನೂ ಅವರ ಸೀಮೀನೇ ನೋಡ್ರಿ. ಮೈಸೂರಿನ ಹುಡುಗ ಕಲ್ಕತ್ತಾ ಸುತ್ತು ಹಾಕಿ ನಮ್ಮ ರಾಜ್ಯಕ್ಕ ಬಂದಂಗಾತು.

ಫರ್ದಾಪುರ ಅನ್ನೋ ಹಳ್ಳಿ ಹತ್ರ ಡೇರೆ ಹೊಡದಿದ್ರು. ಮುಂಜಾನಿ ಎದ್ದು ಗುಹೆಗಿ ಹೋಗೋದು, ಹೊತ್ತು ಮುಣಗೋದ್ರಾಗ ಬರೋದು. ಒಳಗ ಕತ್ತಲಿ, ಬಾವಲಿ ವಾಸನಿ, ಹೊರಗ ಜೇನಿನ ಕಾಟ. ತೆಳ್ಳನ ಕಾಗದ ಇಟ್ಟು ಗೆರಿ ಎತ್ಕೊಂಡು, ಆಮ್ಯಾಲ ಬಣ್ಣ ತುಂಬಬೇಕು. ಬಂಗಾಳಿ, ಕನ್ನಡಿಗ, ಹೈದರಾಬಾದಿನ ಮುಸಲ್ಮಾನ, ಇಂಗ್ಲಿಷ್ ಹೆಣ್ಣಮಕ್ಕಳು, ಎಲ್ಲಾರಿಗೂ ಒಂದೇ ಗ್ವಾಡಿ. ಅಲ್ಲಿ ‘ಇದು ನನ್ನ ಕೆಲಸ’ ಅನ್ನೋದು ನಡಿಯಂಗಿಲ್ಲ. ನೂರಾರು ವರ್ಷದ ಹಿಂದ ಬರೆದು ಹೆಸರೂ ಹಾಕದೇ ಹೋದೋರ ಗೆರಿ ಹಿಂದ ನಿಮ್ಮ ಕೈ ನಡೀಬೇಕು. ವೆಂಕಟಪ್ಪನೋರ ಗೆರಿ ಅಷ್ಟು ಸಣ್ಣ, ಅಷ್ಟು ಖಚಿತ ಆಗಿದ್ದು ಅಲ್ಲೇ ಇರಬೇಕು ಅನಿಸ್ತದ ನನಗ.

ನಕಲುಗಳ ಪುಸ್ತಕ 1915ರಾಗ ಬಂತು. ಅದನ್ನ ನೋಡಿ ಸಂತೋಷ ಪಡೋ ಸ್ಥಿತಿಯಾಗ ಹೆರಿಂಗ್‌ಹ್ಯಾಮ್ ಇರಲಿಲ್ಲ. 1911ರಾಗ ಊರಿಗಿ ಹೋದಾಕಿಗಿ ಮನಸ್ಸಿನ ಬ್ಯಾನಿ ಹತ್ತಿತ್ತು. 1929ರಾಗ ತೀರಿಕೊಳ್ಳೋ ತನಕ ಆಸ್ಪತ್ರಿ, ಆರೈಕಿಯಾಗೇ ದಿನ ಕಳದ್ರು. ಸೈಯದ್ ಅಹ್ಮದ್ ಮುಂದ ಅಜಂತಾ ನೋಡ್ಕೊಳ್ಳೋ ಅಧಿಕಾರಿ ಆದ್ರು. ನಂದಲಾಲರು ಶಾಂತಿನಿಕೇತನದಾಗ ಗುರುಗಳಾದ್ರು.

ವೆಂಕಟಪ್ಪನೋರು ಮೈಸೂರಿಗಿ ವಾಪಸ್ ಬಂದ್ರು. ಮದುವಿ ಆಗಲಿಲ್ಲ. ವೀಣೆ ಶೇಷಣ್ಣನೋರ ಹತ್ರ ವೀಣೆ ಕಲ್ತು, ಆ ಹುಚ್ಚನ್ನೇ ಒಂದು ಚಿತ್ರ ಮಾಡಿದ್ರು. 1920ರ ದಶಕದಾಗ ಊಟಿಗಿ, ಆಮ್ಯಾಲ ಕೊಡೈಕೆನಾಲಿಗಿ ಹೋಗಿ ಇದ್ದು ಜಲವರ್ಣದ ಚಿತ್ರ ಬರೆದ್ರು. ಊಟಿಯಾಗ ಇಂಗ್ಲಿಷರು 1848ರಾಗ ಹಾಕಿದ ಸಸ್ಯತೋಟ ಅದ, ನಾವೂ ನೀವೂ ಹೋದ್ರ ಹೂವಿನ ಮುಂದ ನಿಂತು ಫೋಟೋ ತಗೋತೀವಿ. ಅವರು ನೋಡಿದ್ದು ಬೆಳದಿಂಗಳು, ಮಂಜು, ಗುಡ್ಡದ ಮ್ಯಾಲ ಒಡೆಯೋ ಮೋಡ. ಗಿಡಗಳು ಕಪ್ಪಗ ನಿಂತಿರ್ತಾವ, ಮನಷ್ಯಾರ ಸುಳಿವೇ ಇಲ್ಲ. ಅಜಂತಾದ ಗ್ವಾಡಿ ತುಂಬ ಮಂದಿ ಇದ್ರು. ಅದನ್ನ ನಕಲು ಮಾಡಿದ ಕೈ ಇಲ್ಲಿ ಬರೇ ಬೆಳಕು ಬರೀತದ.

ನಾಲ್ವಡಿ ಕೃಷ್ಣರಾಜ ಒಡೆಯರು ಅವರಿಗಿ ಅರಮನಿ ಕೆಲಸ ಕೊಟ್ಟಿದ್ರು. 1940ರಾಗ ಅವರು ತೀರಿಕೊಂಡ ಮ್ಯಾಲ ಆ ಕೆಲಸ ಮುರೀತು. ವೆಂಕಟಪ್ಪನೋರು ಅರಮನಿ ಮ್ಯಾಲೇ ದಾವಾ ಹಾಕಿ, ಸೋತು, ಬೆಂಗಳೂರಿಗಿ ಬಂದು ಉಳದ್ರು. ಹಟದ ಮನಷ್ಯಾ. ಚಿತ್ರ ಮಾರೋದಂದ್ರ ಒಲ್ಲೆ ಅನ್ನೋರು. ಆ ಹಟದಿಂದೇ ಚಿತ್ರಗಳು ಮಂದಿ ಮನಿ ಸೇರಿ ಚದುರಲಿಲ್ಲ ಅನ್ನೋದೂ ಅದ. 1965ರಾಗ ತೀರಿಕೊಂಡ್ರು. ಬೆಂಗಳೂರಿನ ಕಬ್ಬನ್ ಪಾರ್ಕಿನ ಮಗ್ಗಲಾಗ, ಕಸ್ತೂರಬಾ ರಸ್ತೆದಾಗ, ಅವರ ಹೆಸರಿನ ಚಿತ್ರಶಾಲಿ ಅದ. ಮಗನ ಮನಿಗಿ, ಮಗಳ ಮನಿಗಿ ಅಂತ ಬೆಂಗಳೂರಿಗಿ ಹೋದಾಗ, ತೆರದದನ ಅಂತ ಕೇಳಿಕೊಂಡು ಒಂದು ಸಲ ಹೋಗಿ ಬರ್ರಿ.